ಐಗಳ ಮಠದಿಂದ ಸರ್ಕಾರಿ ಸಾಲಿಗೆ: ಬ್ರಿಟಿಷರ ಕಾಲದ ಮೇಷ್ಟ್ರು ಕಲಿಸಿದ ಧರ್ಮ, ನೀತಿ – ಪದೇ ಪದೇ ಕೇಳುವ ಪ್ರಶ್ನೆಗಳು

ಇದು ಯಾವ ಕಾಲದ, ಯಾವ ಸೀಮೆಯ ಮಾತು?

ಕನ್ನಡ ಮಾತಾಡುವ ಜಿಲ್ಲೆಗಳದ್ದು, ಸುಮಾರು 1800ರಿಂದ 1947ರವರೆಗಿನದು. ಆಗ ಈ ಜಿಲ್ಲೆಗಳಿಗೆಲ್ಲ ಒಬ್ಬನೇ ಯಜಮಾನ ಇರಲಿಲ್ಲ. ಧಾರವಾಡ, ಬೆಳಗಾವಿ, ವಿಜಾಪುರ ಮುಂಬಯಿ ಪ್ರಾಂತದಲ್ಲಿದ್ದವು. ಬಳ್ಳಾರಿ, ದಕ್ಷಿಣ ಕನ್ನಡ ಮದರಾಸಿನ ಪಾಲು. ಉತ್ತರ ಕನ್ನಡ 1862ರ ತನಕ ಮದರಾಸಿನದಾಗಿದ್ದು ಆಮೇಲೆ ಮುಂಬಯಿಗೆ ಹೋಯಿತು. ಮೈಸೂರನ್ನು 1831ರಿಂದ 1881ರವರೆಗೆ ಬ್ರಿಟಿಷ್ ಕಮಿಷನರುಗಳು ಆಳಿದರು, ಮುಂದೆ ಮತ್ತೆ ಒಡೆಯರ ಕೈಗೆ ಬಂತು. ಬೀದರ್, ಕಲಬುರ್ಗಿ, ರಾಯಚೂರು ನಿಜಾಮರದು. ಕೊಡಗು 1834ರಿಂದ ಈಸ್ಟ್ ಇಂಡಿಯಾ ಕಂಪನಿಯದು.

ಇಷ್ಟನ್ನು ಮೊದಲೇ ಹೇಳಿದ್ದಕ್ಕೆ ಕಾರಣವಿದೆ. ಮೇಷ್ಟ್ರು ತರಗತಿಯಲ್ಲಿ ದೇವರ ಹೆಸರು ಎತ್ತಬಹುದೋ ಇಲ್ಲವೋ ಅನ್ನುವುದು ಹೊಳೆಯ ಯಾವ ದಡದಲ್ಲಿ ಶಾಲೆ ಇದೆ ಅನ್ನುವುದರ ಮೇಲೆ ನಿಂತಿತ್ತು. "ಬ್ರಿಟಿಷರ ಕಾಲದಲ್ಲಿ ಹೀಗಿತ್ತು" ಎಂದು ಒಂದೇ ಉಸಿರಿನಲ್ಲಿ ಹೇಳುವವರನ್ನು ನಾನು ನಂಬುವುದಿಲ್ಲ.

ಸರ್ಕಾರಿ ಶಾಲೆ ಬರುವ ಮೊದಲು ಧರ್ಮಬೋಧೆಗೆ ಬೇರೆ ಪಾಠ ಇತ್ತೇ?

ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಅಕ್ಷರ ಕಲಿಯುವುದೇ ದೇವರ ಹೆಸರಿನಿಂದ ಶುರುವಾಗುತ್ತಿತ್ತು.

ಬಡಗಣ ಸೀಮೆಯಲ್ಲಿ ಶಾಲೆಗೆ ಮಠ ಅಂತಲೇ ಹೆಸರು. ಕಲಿಸುವವರು ಐಗಳು, ಬಹಳ ಕಡೆ ಅವರು ಜಂಗಮರು. ಸಾಲಿ ಅಂದರೆ ಆ ಕಡೆಯ ಮಾತಿನಲ್ಲಿ ಶಾಲೆ; ಇವತ್ತಿಗೂ ಅಲ್ಲಿ ಸಾಲಿಮಠ ಎಂಬ ಅಡ್ಡಹೆಸರು ಸಿಗುತ್ತದೆ. ಆ ಮನೆತನದ ಹಿರಿಯರಲ್ಲಿ ಯಾರೋ ಮಕ್ಕಳಿಗೆ ಅಕ್ಷರ ತಿದ್ದಿಸಿದವರು ಎಂದು ಊಹಿಸಲು ದೊಡ್ಡ ಸಂಶೋಧನೆ ಬೇಡ. ಹಳೇ ಮೈಸೂರಿನಲ್ಲಿ ಇದನ್ನೇ ಕೂಲಿಮಠ ಎನ್ನುತ್ತಿದ್ದರು, ಕಲಿಸಿದ್ದಕ್ಕೆ ಕೂಲಿ ಅಂದರೆ ಕಾಳುಕಡಿ, ಕಾಸು ಕೊಡುವ ಮಠ.

ಇದರ ಬಗ್ಗೆ ನಮಗೆ ಸಿಗುವ ಅತಿ ವಿವರವಾದ ಸಾಕ್ಷಿ ಬಳ್ಳಾರಿಯದು. 1822ರಲ್ಲಿ ಮದರಾಸಿನ ಗವರ್ನರ್ ಥಾಮಸ್ ಮನ್ರೋ ಪ್ರಾಂತದ ನಾಟಿ ಶಾಲೆಗಳ ಲೆಕ್ಕ ಕೇಳಿದ. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್‌ನಲ್ಲಿ ಉತ್ತರ ಬರೆದ. ಜಿಲ್ಲೆಯಲ್ಲಿ 533 ಶಾಲೆ, 6,641 ಮಕ್ಕಳು. 235 ಶಾಲೆಗಳಲ್ಲಿ ಕನ್ನಡ, 226ರಲ್ಲಿ ತೆಲುಗು, 23ರಲ್ಲಿ ಮರಾಠಿ, 21ರಲ್ಲಿ ಪಾರಸಿ, ನಾಲ್ಕರಲ್ಲಿ ತಮಿಳು, ಒಂದೇ ಒಂದರಲ್ಲಿ ಇಂಗ್ಲಿಷು. ಉಳಿದ 23 ಬ್ರಾಹ್ಮಣರಿಗಷ್ಟೇ ಮೀಸಲಾದ ಪಾಠಸ್ಥಾನಗಳು.

ಆತ ಬರೆದ ಅಕ್ಷರಾಭ್ಯಾಸದ ಚಿತ್ರ ಹೀಗಿದೆ. ಮಗುವಿಗೆ ಐದು ತುಂಬಿದಾಗ ಐಗಳನ್ನೂ ಮಠದ ಹುಡುಗರನ್ನೂ ಮನೆಗೆ ಕರೆಯುತ್ತಾರೆ. ಗಣಪತಿಯ ಸುತ್ತ ಎಲ್ಲರೂ ಕೂರುತ್ತಾರೆ, ಮಗು ದೇವರಿಗೆ ಎದುರಾಗಿ. ಗುರು ಧೂಪ ಹಾಕಿ, ನೈವೇದ್ಯ ಇಟ್ಟು, ಬುದ್ಧಿ ಕೊಡಪ್ಪಾ ಎಂಬ ಪ್ರಾರ್ಥನೆಯನ್ನು ಮಗುವಿನ ಬಾಯಲ್ಲಿ ಹೇಳಿಸುತ್ತಾನೆ. ಆಮೇಲೆ ಅದರ ಬೆರಳು ಹಿಡಿದು ಅಕ್ಕಿಯ ಮೇಲೆ ದೇವರ ಹೆಸರು ಬರೆಸುತ್ತಾನೆ. ಮಾರನೆಯ ಬೆಳಿಗ್ಗೆಯಿಂದ ಮಠ.

ಮಗು ಬರೆದ ಮೊದಲ ಪದವೇ ಪ್ರಾರ್ಥನೆ. ಯಾವುದನ್ನಾದರೂ ಆರಂಭಿಸುವುದಕ್ಕೆ ನಾವು ಈಗಲೂ "ಶ್ರೀಕಾರ ಹಾಕು", "ಓನಾಮ ಹಾಕು" ಅನ್ನುತ್ತೇವಲ್ಲ, ಅದು ಆ ಅಕ್ಕಿ ತಟ್ಟೆಯಿಂದಲೇ ಬಂದದ್ದು. ಇಂಥ ಮನೆಯಲ್ಲಿ "ಧಾರ್ಮಿಕ ಶಿಕ್ಷಣದ ಅವಧಿ ಎಷ್ಟು ಗಂಟೆಗೆ?" ಎಂದು ಕೇಳಿದ್ದರೆ ಐಗಳು ಮಿಕಿಮಿಕಿ ನೋಡುತ್ತಿದ್ದರು.

ಮಠದಲ್ಲಿ ಒಂದು ದಿನ ಹೇಗಿರುತ್ತಿತ್ತು?

ಬೆಳಗ್ಗೆ ಆರಕ್ಕೆ ಶುರು. ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರು. ಎರಡನೆಯವನಿಗೆ ಸೊನ್ನೆ, ಹೊಗಳಿಕೆಯೂ ಇಲ್ಲ ಬೈಗುಳವೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಒಂದೊಂದು ಏರುತ್ತ ಹೋಗುವುದು. ಕೊನೆಗೆ ಬಂದವನ ಪಾಡು ನೀವೇ ಲೆಕ್ಕ ಹಾಕಿ.

ಮೊದಲು ಮರಳಿನ ಮೇಲೆ ಬೆರಳಿನಿಂದ ತಿದ್ದುವುದು, ಆಮೇಲೆ ಓಲೆಗರಿ, ಕಡತ. ಕಡತ ಅಂದರೆ ಅಂಟು, ಮಸಿ ಬಳಿದು ಗಟ್ಟಿ ಮಾಡಿದ ಬಟ್ಟೆ. ಬಳಪದಲ್ಲಿ ಬರೆದು ಒರೆಸಬಹುದು. ಮುಂದಿನ ಹುಡುಗರು ಹಿಂದಿನವರಿಗೆ ಹೇಳಿಕೊಡುತ್ತಿದ್ದರು. ಈ ಪದ್ಧತಿಯನ್ನು ಕ್ಯಾಂಪ್‌ಬೆಲ್ ಮೆಚ್ಚಿಕೊಂಡ. ಇಂಗ್ಲೆಂಡಿನಲ್ಲಿ ಇದನ್ನು ಅನುಸರಿಸಿರುವುದು ಸರಿಯಾಗಿಯೇ ಇದೆ ಎಂದು ಬರೆದ. ಆಂಡ್ರೂ ಬೆಲ್ ಎಂಬ ಪಾದ್ರಿ ಮದರಾಸಿನ ಅನಾಥಾಲಯದಲ್ಲಿ ಇದನ್ನು ಪ್ರಯೋಗ ಮಾಡಿ ಅಲ್ಲಿಗೆ ಕೊಂಡೊಯ್ದಿದ್ದ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಮಗ್ಗಿ, ತಿಥಿ ವಾರ ನಕ್ಷತ್ರ, ಸ್ತೋತ್ರಗಳನ್ನು ಒಕ್ಕೊರಲಲ್ಲಿ ಹೇಳಿ ಮನೆಗೆ. ಮಹಾನವಮಿಗೆ ಹುಡುಗರನ್ನು ಕಟ್ಟಿಕೊಂಡು ಐಗಳು ಮನೆಮನೆಗೆ ಹೋಗಿ ಚೌಪದ ಹಾಡಿಸುತ್ತಿದ್ದರು. ಮನೆಯವರಿಗೆ ಹರಕೆ, ಐಗಳಿಗೆ ಸಂಭಾವನೆ, ಹುಡುಗರಿಗೆ ತಿನ್ನಲು ಏನಾದರೂ. ಪೂಜೆಯೋ ಪಾಠವೋ ವಸೂಲಿಯೋ ಎಂದು ಬೇರ್ಪಡಿಸಲು ಬರುವುದಿಲ್ಲ.

ಅರ್ಥ ಹೇಳದೆ ಬಾಯಿಪಾಠ ಮಾಡಿಸುತ್ತಿದ್ದರಂತೆ. ಅದರಿಂದ ನೀತಿ ಹೇಗೆ ಬಂದೀತು?

ಈ ದೂರು ಹಳೆಯದು. ಕ್ಯಾಂಪ್‌ಬೆಲ್ ಕೂಡ ಇದನ್ನೇ ಹೇಳಿದ: ಹುಡುಗರು ಸಾಲುಸಾಲು ಪದ್ಯ ಒಪ್ಪಿಸುತ್ತಾರೆ, ಅದರ ಅರ್ಥ ಗಿಣಿಗೆ ಎಷ್ಟು ಗೊತ್ತೋ ಇವರಿಗೂ ಅಷ್ಟೇ. ಕಾವ್ಯದ ಭಾಷೆಗೂ ಬೀದಿಯ ಭಾಷೆಗೂ ಬಹಳ ಅಂತರ, ಬಹಳ ಸಲ ಕಲಿಸುವವನಿಗೂ ಅರ್ಥ ಗೊತ್ತಿರಲಿಲ್ಲ ಎಂದೂ ಸೇರಿಸಿದ.

ನನಗೆ ಈ ಟೀಕೆ ಅರ್ಧ ಒಪ್ಪಿಗೆ. ಅಮರಕೋಶವನ್ನು ಐದನೇ ವಯಸ್ಸಿನಲ್ಲಿ ಗಟ್ಟಿ ಮಾಡಿದ ಹುಡುಗನಿಗೆ ಅದು ಅಂದು ಬರೀ ಸದ್ದು. ಆದರೆ ಸೋಮೇಶ್ವರ ಶತಕದ ಪದ್ಯ ಹಾಗಲ್ಲ. ಬಾಯಲ್ಲಿ ಉಳಿದು, ಇಪ್ಪತ್ತು ವರ್ಷದ ನಂತರ ಸಾಲಗಾರ ಬಾಗಿಲಿಗೆ ಬಂದಾಗಲೋ ದಾಯಾದಿ ಜೊತೆ ಜಗಳವಾದಾಗಲೋ ತಾನಾಗಿ ಅರ್ಥ ಬಿಡುತ್ತದೆ. ಹಳಬರು ಮಾತಿನ ನಡುವೆ ಸರ್ವಜ್ಞನನ್ನೋ ಶತಕವನ್ನೋ ಎಸೆಯುತ್ತಿದ್ದುದು ಹೀಗೆ. ನೀತಿಯನ್ನು ಮೊದಲು ನಾಲಿಗೆಗೆ ಹಾಕುವುದು, ತಲೆಗೆ ಇಳಿಯುವುದನ್ನು ಕಾಲಕ್ಕೆ ಬಿಡುವುದು. ಇದು ಉಪಾಯವೋ ಸೋಮಾರಿತನವೋ? ಐಗಳನ್ನು ನೋಡಿ ಹೇಳಬೇಕು.

ಎಲ್ಲ ಮಕ್ಕಳಿಗೂ ಒಂದೇ ಪುಸ್ತಕವೇ?

ಇಲ್ಲ. ರಾಮಾಯಣ, ಭಾರತ, ಭಾಗವತ ಸಾಮಾನ್ಯವಾಗಿ ಎಲ್ಲೆಡೆ. ಕುಶಲಕರ್ಮಿಗಳ ಮಕ್ಕಳಿಗೆ ವಿಶ್ವಕರ್ಮ ಪುರಾಣ. ಲಿಂಗಾಯತರ ಮಕ್ಕಳಿಗೆ ಬಸವ ಪುರಾಣ, ಗಿರಿಜಾ ಕಲ್ಯಾಣ, ಚನ್ನಬಸವ ಪುರಾಣ. ಹಗುರ ಓದಿಗೆ ಪಂಚತಂತ್ರ, ಬೇತಾಳನ ಕತೆಗಳು. ಈ ಪಟ್ಟಿಯೂ ಬಳ್ಳಾರಿಯ ಅದೇ ವರದಿಯದು. ಗುರು ಒಬ್ಬನೇ, ಜಗಲಿ ಒಂದೇ, ಆದರೆ ಹುಡುಗನ ಮನೆ ನೋಡಿ ಪುರಾಣ. ಮುಂದೆ ಸರ್ಕಾರ ಅಚ್ಚು ಹಾಕಿಸಿ ಕಳಿಸಿದ ಪುಸ್ತಕ ಎಲ್ಲರಿಗೂ ಒಂದೇ ಆಯಿತು. ಅದು ಚಿಕ್ಕ ಬದಲಾವಣೆ ಅಲ್ಲ.

ಶಿಕ್ಷೆ ಅಷ್ಟು ಕ್ರೂರವಾಗಿತ್ತೇ?

ಇತ್ತು. ಕೋದಂಡ ಅನ್ನುವ ಪದ ಹಳೆಯ ಬರಹಗಳಲ್ಲಿ ಮತ್ತೆ ಮತ್ತೆ ಬರುತ್ತದೆ: ಸೂರಿನ ತೊಲೆಗೆ ಕಟ್ಟಿದ ಹಗ್ಗವನ್ನು ಹುಡುಗ ಎರಡೂ ಕೈಯಲ್ಲಿ ಹಿಡಿದು ನೇತಾಡಬೇಕು, ಕೆಳಗಿನಿಂದ ಏಟು. ಬಸ್ಕಿ, ಬಗ್ಗಿ ನಿಲ್ಲಿಸುವುದು, ಕಿವಿ ಹಿಂಡುವುದು ದಿನದ ಊಟದಂತೆ. "ಛಡಿ ಛಂ ಛಂ, ವಿದ್ಯಾ ಘಂ ಘಂ" ಎಂಬ ಮಾತನ್ನು ನಗುತ್ತ ಹೇಳುವವರು ಈಗಲೂ ಇದ್ದಾರೆ. ನಗುವವರು ಸಾಮಾನ್ಯವಾಗಿ ಕಡಿಮೆ ಏಟು ತಿಂದವರು.

ಮಿಷನ್ ಶಾಲೆ, ಸರ್ಕಾರಿ ಶಾಲೆ ಬಂದ ಮೇಲೆ ಕೋದಂಡ ಹೋಯಿತು, ಬೆತ್ತ ಉಳಿಯಿತು.

ಮಿಷನ್ ಶಾಲೆಗಳಲ್ಲಿ ಏನು ಕಲಿಸುತ್ತಿದ್ದರು?

ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದ. ಬಾಸೆಲ್ ಮಿಷನ್ನಿನ ಮೂವರು 1834ರಲ್ಲಿ ಮಂಗಳೂರಿಗೆ ಬಂದಿಳಿದರು. ವೆಸ್ಲಿಯನ್ ಎಂಬ ಇನ್ನೊಂದು ಮಿಷನ್ನಿನವರು ಬೆಂಗಳೂರು, ಮೈಸೂರು ಕಡೆ ನೆಲೆ ನಿಂತರು. ಎಲ್ಲರೂ ಶಾಲೆ ತೆರೆದರು, ಏಕೆಂದರೆ ಬೈಬಲ್ ಓದಬೇಕಾದರೆ ಓದು ಬರಬೇಕು.

ದಿನ ಆರಂಭವಾಗುವುದು ಪ್ರಾರ್ಥನೆಯಿಂದ. ಬೈಬಲ್ ಕತೆಗಳು, ಹತ್ತು ಆಜ್ಞೆಗಳು, ಪ್ರಶ್ನೋತ್ತರ ರೂಪದ ಮತಬೋಧೆ, ಕನ್ನಡದಲ್ಲಿ ಕಟ್ಟಿದ ಕೀರ್ತನೆಗಳು. "ನಿನ್ನನ್ನು ಸೃಷ್ಟಿಸಿದವರು ಯಾರು?" ಎಂದು ಮೇಷ್ಟ್ರು ಕೇಳಬೇಕು, ಹುಡುಗರು ಒಟ್ಟಿಗೆ ಉತ್ತರ ಹೇಳಬೇಕು. ಬಾಯಿಪಾಠವನ್ನು ಹೀಯಾಳಿಸಿದ ಪಾದ್ರಿಗಳ ಶಾಲೆಯಲ್ಲೂ ನಡೆದದ್ದು ಬಾಯಿಪಾಠವೇ, ಪದ್ಯ ಬೇರೆ ಅಷ್ಟೆ.

ಆದರೆ ಇವರಲ್ಲಿ ಕೆಲವರಿಗೆ ಒಂದು ವಿಷಯ ಬೇಗ ತಿಳಿಯಿತು: ಈ ಮಕ್ಕಳ ಕಿವಿಗೆ ಒಗ್ಗಿರುವುದು ಹಾಡು. ಹೆರ್ಮನ್ ಮೊಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ' ತೆಗೆದವನು; 1850ರಲ್ಲಿ ದಾಸರ ಪದಗಳನ್ನು ಅಚ್ಚು ಹಾಕಿಸಿದವನೂ ಅವನೇ. ಫರ್ಡಿನೆಂಡ್ ಕಿಟ್ಟೆಲ್ ನಿಘಂಟಿಗೆ ಕೈಹಾಕುವ ಮೊದಲು ಕ್ರಿಸ್ತನ ಚರಿತ್ರೆಯನ್ನು ನಮ್ಮ ಛಂದಸ್ಸಿನಲ್ಲಿ ಕನ್ನಡ ಪದ್ಯವಾಗಿ ಬರೆದ. ಹರಿದಾಸರ ಪದಗಳು ಮೊದಲ ಸಲ ಅಚ್ಚಿನ ಪುಸ್ತಕವಾದದ್ದು ಕ್ರೈಸ್ತ ಮುದ್ರಣಾಲಯದ ಆಸರೆಯಲ್ಲಿ. ಇದನ್ನು ಕೇಳಿ ಎರಡೂ ಕಡೆಯವರು ಮುಖ ಗಂಟಿಕ್ಕುವುದನ್ನು ನೋಡಿದ್ದೇನೆ.

ಮಿಷನ್ ಶಾಲೆಗೆ ಹೋದವರೆಲ್ಲ ಮತಾಂತರ ಆದರೇ?

ಇಲ್ಲ. ಓದಿದವರ ರಾಶಿಗೆ ಹೋಲಿಸಿದರೆ, ಅದರಲ್ಲೂ ಮೇಲ್ಜಾತಿಯ ಹುಡುಗರಲ್ಲಿ, ಮತಾಂತರವಾದವರು ಬೆರಳೆಣಿಕೆ. ಆದರೆ ಒಬ್ಬ ಆದರೂ ಊರು ಹೊತ್ತಿ ಉರಿಯುತ್ತಿತ್ತು. 1844ರ ಜನವರಿಯಲ್ಲಿ ಮಂಗಳೂರಿನ ಮಿಷನ್ ಇಂಗ್ಲಿಷ್ ಶಾಲೆಯಲ್ಲಿ ಓದುತ್ತಿದ್ದ ಸಾರಸ್ವತ ಬ್ರಾಹ್ಮಣ ಆನಂದರಾವ್ ಕೌಂಡಿನ್ಯ ಇನ್ನಿಬ್ಬರ ಜೊತೆ ಕ್ರೈಸ್ತನಾದ. ಪೇಟೆಯಲ್ಲಿ ದೊಡ್ಡ ಗಲಭೆ. ಮುಂದೆ ಆತ ಮೊಗ್ಲಿಂಗ್ ಜೊತೆ ಬಾಸೆಲ್‌ಗೆ ಹೋಗಿ ಓದಿ, ಪಾದ್ರಿಯಾಗಿ ಮರಳಿದ.

ಇಂಥದ್ದು ನಡೆದಾಗ ತಂದೆತಾಯಿ ಮಕ್ಕಳನ್ನು ಶಾಲೆ ಬಿಡಿಸುತ್ತಿದ್ದರು. ಕೆಲವು ತಿಂಗಳು ಕಳೆದರೆ ಮತ್ತೆ ಕಳಿಸುತ್ತಿದ್ದರು. ಇಂಗ್ಲಿಷು ಬಂದರೆ ಕಚೇರಿ ಕೆಲಸ ಸಿಗುತ್ತದಲ್ಲ! ಶಾಲೆಯಲ್ಲಿ ಯೇಸುವಿನ ಕತೆ ಕೇಳು, ಮನೆಗೆ ಬಂದು ಕೈಕಾಲು ತೊಳೆದು ಸಂಧ್ಯಾವಂದನೆ ಮಾಡು – ಸಾವಿರಾರು ಮನೆಗಳು ಕಂಡುಕೊಂಡ ದಾರಿ ಇದು.

ಹಿಂದೂ ಮೇಷ್ಟ್ರುಗಳೇ ಬೈಬಲ್ ಪಾಠ ಹೇಳುತ್ತಿದ್ದರಂತೆ. ನಿಜವೇ?

ನಿಜ. ಕ್ರೈಸ್ತ ಶಿಕ್ಷಕರು ಸಾಕಷ್ಟು ಸಿಗುತ್ತಿರಲಿಲ್ಲ. ಹಾಗಾಗಿ ಊರ ಪಂತೋಜಿಯನ್ನೇ ಸಂಬಳ ಕೊಟ್ಟು ಇಟ್ಟುಕೊಳ್ಳುತ್ತಿದ್ದರು. ಆತ ಓದಿಸುತ್ತಿದ್ದ, ಒಪ್ಪಿಸಿಕೊಳ್ಳುತ್ತಿದ್ದ; ಪಾದ್ರಿ ಬಂದ ದಿನ ಪರೀಕ್ಷೆ. ಹಣೆಯಲ್ಲಿ ನಾಮವೋ ವಿಭೂತಿಯೋ ಇಟ್ಟುಕೊಂಡು ಯೇಸುವಿನ ಪರ್ವತ ಪ್ರಸಂಗ ಓದಿಸಿದ ಮೇಷ್ಟ್ರ ಮನಸ್ಸಿನಲ್ಲಿ ಏನಿತ್ತು? ಬಹುಶಃ ಹೊಟ್ಟೆಪಾಡು. ಬಹುಶಃ "ಸತ್ಯ ಹೇಳು, ಕದಿಯಬೇಡ ಅನ್ನುವುದಕ್ಕೆ ಯಾರ ಪುಸ್ತಕವಾದರೇನು" ಎಂಬ ಸಮಾಧಾನ. ಮಿಷನರಿಗಳೇ ಈ ಏರ್ಪಾಡಿನ ಬಗ್ಗೆ ತಮ್ಮತಮ್ಮಲ್ಲಿ ಜಗಳವಾಡಿಕೊಂಡರು: ನಂಬದವನು ಕಲಿಸಿದ ಧರ್ಮ ಧರ್ಮವೇ ಎಂದು.

ಆ ಪ್ರಶ್ನೆ ನನಗೆ ಇಡೀ ವಿಷಯದ ನಡುಮನೆ ಅನ್ನಿಸುತ್ತದೆ. ಐಗಳು ಕಲಿಸಿದ್ದನ್ನು ತಾವು ಬದುಕುತ್ತಿದ್ದರು, ಅಥವಾ ಬದುಕುತ್ತಾರೆಂದು ಊರು ನಂಬಿತ್ತು. ಸಂಬಳದ ಮೇಷ್ಟ್ರಿಗೆ ಪಾಠ ಬೇರೆ, ಮನೆ ಬೇರೆಯಾಯಿತು.

ಸರ್ಕಾರಿ ಶಾಲೆಯಲ್ಲಿ ಧರ್ಮ ಹೇಳಬಾರದು ಅಂತ ನಿಯಮವಿತ್ತೇ?

ಇತ್ತು. ಆದರೆ ಅದು ಸುಲಭವಾಗಿ ಬಂದದ್ದಲ್ಲ. 1846ರಲ್ಲಿ ಮದರಾಸಿನ ಗವರ್ನರ್ ಟ್ವೀಡೇಲ್ ಸರ್ಕಾರಿ ಶಾಲೆಗಳಲ್ಲಿ ಬೈಬಲನ್ನು ಪಾಠಪುಸ್ತಕ ಮಾಡೋಣ ಎಂದ. ಲಂಡನ್ನಿನ ಕಂಪನಿ ನಿರ್ದೇಶಕರು ಒಪ್ಪಲಿಲ್ಲ. ವ್ಯಾಪಾರಿಗಳಿಗೆ ಗಲಾಟೆಯ ವಾಸನೆ ಬೇಗ ಬಡಿಯುತ್ತದೆ.

1854ರ ವುಡ್‌ನ ಶಿಕ್ಷಣ ಆದೇಶ ಈ ನಿಲುವನ್ನು ಗಟ್ಟಿ ಮಾಡಿತು. ಸರ್ಕಾರಿ ಸಂಸ್ಥೆಗಳ ಶಿಕ್ಷಣ ಲೌಕಿಕವಾಗಿರಬೇಕು. ಬೈಬಲ್ ಗ್ರಂಥಾಲಯದಲ್ಲಿ ಇರಬಹುದು. ಹುಡುಗ ತಾನಾಗಿ ಕೇಳಿದರೆ ಶಿಕ್ಷಕ ವಿವರಿಸಬಹುದು, ಆದರೆ ಶಾಲೆಯ ಹೊತ್ತು ಮುಗಿದ ಮೇಲೆ. ಅದೇ ಆದೇಶ ಖಾಸಗಿ ಶಾಲೆಗಳಿಗೆ ಅನುದಾನದ ಬಾಗಿಲು ತೆರೆಯಿತು. ಅಲ್ಲಿ ಏನು ಧರ್ಮ ಹೇಳುತ್ತಾರೆ ಎಂದು ಇನ್‌ಸ್ಪೆಕ್ಟರ್ ವಿಚಾರಿಸುವಂತಿಲ್ಲ, ಲೆಕ್ಕ ಓದು ಬರಹ ಸರಿಯಿದ್ದರೆ ಸಾಕು. ಇದರಿಂದ ಹೆಚ್ಚು ಲಾಭ ಪಡೆದವು ಮಿಷನ್ ಶಾಲೆಗಳು. ಆಮೇಲೆ ನಮ್ಮವರೂ ಶಾಲೆ ಕಟ್ಟಿ ಅದೇ ಬಾಗಿಲು ತಟ್ಟಿದರು.

ನಿಯಮ ಇದ್ದರೂ ಮೇಷ್ಟ್ರು ಪಾಲಿಸುತ್ತಿದ್ದರೇ?

ಅಕ್ಷರಶಃ ಪಾಲಿಸಿದವರು ಕಡಿಮೆ ಎಂಬುದು ನನ್ನ ಅಂದಾಜು. ಹಳ್ಳಿಯ ಸರ್ಕಾರಿ ಸಾಲಿ ಎಷ್ಟೋ ಕಡೆ ನಡೆಯುತ್ತಿದ್ದದ್ದು ಗುಡಿಯ ಪೌಳಿಯಲ್ಲಿ, ಚಾವಡಿಯಲ್ಲಿ. ಶುಕ್ರವಾರ ಸರಸ್ವತಿ ಪೂಜೆ, ಮಂಡಕ್ಕಿ ಬೆಲ್ಲ. ಗಣಪತಿ ಹಬ್ಬಕ್ಕೆ ಶಾಲೆಯಲ್ಲೇ ಗಣಪತಿ. ಇದನ್ನು ಯಾರೂ ಧರ್ಮಬೋಧೆ ಎಂದು ಕರೆಯಲಿಲ್ಲ, ರೂಢಿ ಎಂದರು. 'ದಿಪೋಟಿ ಸಾಹೇಬರು', ಅಂದರೆ ತಪಾಸಣೆಯ ಡೆಪ್ಯುಟಿ ಇನ್‌ಸ್ಪೆಕ್ಟರು, ಬರುವ ದಿನ ಮಾತ್ರ ಶಾಲೆ ಲೌಕಿಕವಾಗುತ್ತಿತ್ತು. ಅವರೂ ಬಹುಮಟ್ಟಿಗೆ ಇಲ್ಲಿಯವರೇ. ಮಂಡಕ್ಕಿ ಬೆಲ್ಲ ಅವರಿಗೂ ಸಲ್ಲುತ್ತಿತ್ತು.

1860ರ ದಶಕದಿಂದ ಪರೀಕ್ಷೆಯ ಫಲಿತಾಂಶ ನೋಡಿ ಅನುದಾನ ಕೊಡುವ ಪದ್ಧತಿ ಬಂತು. ಎಷ್ಟು ಮಕ್ಕಳು ಪಾಸೋ ಅಷ್ಟು ಹಣ. ನೀತಿಗೆ ಅಂಕವಿಲ್ಲ, ಶುದ್ಧಬರಹಕ್ಕೆ ಇದೆ. ಹೊಟ್ಟೆಗೆ ಬೇಕಾದವನು ಯಾವುದನ್ನು ಹೆಚ್ಚು ತಿದ್ದಿಸುತ್ತಾನೆ?

ಹಾಗಾದರೆ "ನೀತಿಪಾಠ" ಅನ್ನುವುದು ಎಲ್ಲಿಂದ ಬಂತು?

ದೇವರನ್ನು ಹೊರಗಿಟ್ಟ ಜಾಗದಲ್ಲಿ ಏನನ್ನಾದರೂ ಕೂರಿಸಬೇಕಿತ್ತು. ಕೂರಿಸಿದ್ದು ನೀತಿಯನ್ನು. ಕನ್ನಡದ ಅಚ್ಚಿನ ವಾಚನ ಪುಸ್ತಕಗಳಲ್ಲಿ ನರಿ, ಕಾಗೆ, ಸಿಂಹ, ಇಲಿಗಳು ಬಂದವು; ಪ್ರತಿ ಕತೆಯ ಬಾಲಕ್ಕೆ "ಇದರ ನೀತಿ" ಎಂಬ ಸಾಲು ಕಟ್ಟಿದರು. ಈಸೋಪ ಕೂಡ ಬಂದ, ಪಂಚತಂತ್ರ ಕೂಡ ಬಂತು. ಗೋವಿನ ಹಾಡು ಎಲ್ಲ ಜಾತಿ ಮತದ ಮಕ್ಕಳ ಬಾಯಿಗೆ ಬಂದದ್ದು ಹೀಗೆ ಶಾಲೆಯ ಪುಸ್ತಕದ ಮೂಲಕವೇ. ಪುಣ್ಯಕೋಟಿ ಯಾವ ದೇವರನ್ನೂ ಬೋಧಿಸುವುದಿಲ್ಲ, ಕೊಟ್ಟ ಮಾತು ಉಳಿಸಿಕೊಳ್ಳುತ್ತಾಳೆ. ಸರ್ಕಾರಕ್ಕೂ ಊರಿಗೂ ಒಟ್ಟಿಗೆ ಒಪ್ಪಿಗೆಯಾಗುವ ಕತೆ ಇದಕ್ಕಿಂತ ಬೇರೆ ಸಿಗುವುದು ಕಷ್ಟ.

ಧಾರವಾಡ ಕಡೆ ಡೆಪ್ಯುಟಿ ಚನ್ನಬಸಪ್ಪ, ವೆಂಕಟ ರಂಗೋ ಕಟ್ಟಿ ಮೊದಲಾದವರು ಮರಾಠಿಯ ನೆರಳಿನಲ್ಲಿದ್ದ ಶಾಲೆಗಳಿಗೆ ಕನ್ನಡ ಪುಸ್ತಕ ಒದಗಿಸಲು ದುಡಿದರು. 1860ರ ದಶಕದಲ್ಲಿ ಆ ಸೀಮೆಯ ಶಿಕ್ಷಕರಿಗಾಗಿ ಹೊರಟ ಪತ್ರಿಕೆಯ ಹೆಸರು 'ಮಠಪತ್ರಿಕೆ' – ಶಾಲೆ ಸರ್ಕಾರದ್ದಾದರೂ ಹೆಸರು ಮಠದ್ದೇ. ಮೈಸೂರು ಕಡೆ ಎಂ.ಎಸ್. ಪುಟ್ಟಣ್ಣನವರು 1884ರಲ್ಲಿ 'ನೀತಿಚಿಂತಾಮಣಿ' ತಂದರು. ಇಲ್ಲಿಯ, ಅಲ್ಲಿಯ ಕತೆಗಳನ್ನು ತಿಳಿಗನ್ನಡದಲ್ಲಿ ಹೇಳಿದ ಈ ಪುಸ್ತಕವನ್ನು ಎಷ್ಟೋ ತಲೆಮಾರು ಓದಿತು.

1882ರ ಹಂಟರ್ ಶಿಕ್ಷಣ ಆಯೋಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕಾಲೇಜುಗಳಿಗೆ ಯಾವ ಮತಕ್ಕೂ ಸೇರದ, ಸಹಜ ಧರ್ಮದ ಮೂಲತತ್ವಗಳ ಮೇಲೆ ಕಟ್ಟಿದ ಒಂದು ನೀತಿಗ್ರಂಥ ಬೇಕು ಎಂದಿತು. ಆಯೋಗದ ಸದಸ್ಯರಾಗಿದ್ದ ಕಾಶೀನಾಥ ತ್ರ್ಯಂಬಕ ತೆಲಂಗರು ಒಪ್ಪದೆ ಭಿನ್ನಮತ ಬರೆದರು. ಎಲ್ಲರಿಗೂ ಸಲ್ಲುವ ಧರ್ಮವನ್ನು ಸಮಿತಿ ಕೂತು ಬರೆಯುವುದು ಎಲ್ಲರಿಗೂ ಹೊಂದುವ ಚಪ್ಪಲಿ ಹೊಲಿದ ಹಾಗೆ, ನನ್ನ ಪ್ರಕಾರ.

ರಾಜಭಕ್ತಿಯೂ ನೀತಿಪಾಠದಲ್ಲೇ ಇತ್ತೇ?

ಚೆನ್ನಾಗಿಯೇ ಇತ್ತು. ಸತ್ಯ, ಶುಚಿ, ಹಿರಿಯರಿಗೆ ವಿಧೇಯತೆ – ಈ ಏಣಿಯ ಮೇಲಿನ ಮೆಟ್ಟಿಲು ಚಕ್ರವರ್ತಿ. 1911ರ ಪಟ್ಟಾಭಿಷೇಕ ದರ್ಬಾರಿನ ಹೊತ್ತಿಗೆ ಶಾಲೆಗಳಲ್ಲಿ ಮಿಠಾಯಿ ಹಂಚಿದರು, ಹಾಡು ಹಾಡಿಸಿದರು. ಮೈಸೂರಿನ ಮಕ್ಕಳು ಬಸವಪ್ಪ ಶಾಸ್ತ್ರಿಗಳ 'ಕಾಯೌ ಶ್ರೀ ಗೌರಿ' ಹಾಡಿದರು. ಅದು ಒಡೆಯರನ್ನು ಕಾಯೆಂದು ದೇವಿಯಲ್ಲಿ ಬೇಡುವ ಹಾಡು; ಪ್ರಾರ್ಥನೆಯೂ ಹೌದು, ನಾಡಗೀತೆಯೂ ಹೌದು. ಧಾರವಾಡದ ಮಕ್ಕಳಿಗೆ ಈ ಅನುಕೂಲ ಇರಲಿಲ್ಲ, ಅವರ ರಾಜ ಸಮುದ್ರದಾಚೆ ಇದ್ದ.

1907ರ ರಿಸ್ಲಿ ಸುತ್ತೋಲೆ ಹುಡುಗರನ್ನೂ ಮೇಷ್ಟ್ರನ್ನೂ ರಾಜಕೀಯದಿಂದ ದೂರವಿಡಲು ಹೊರಟಿತು. 1920ರ ನಂತರ ಗಾಂಧೀಜಿಯ ಕರೆಗೆ ಓಗೊಟ್ಟು ಕೆಲಸ ಬಿಟ್ಟು ರಾಷ್ಟ್ರೀಯ ಶಾಲೆ ಸೇರಿದ ಮೇಷ್ಟ್ರುಗಳು ಕಲಿಸಿದ್ದೂ ಅದೇ ಸತ್ಯ, ಅದೇ ಸ್ವಾವಲಂಬನೆ. ಜೊತೆಗೆ ತಕಲಿ. ವಿಧೇಯತೆ ಎಂಬ ಪಾಠವನ್ನು ಮಾತ್ರ ಪುಸ್ತಕದಿಂದ ಕಿತ್ತಿದ್ದರು.

ಮುಸ್ಲಿಂ ಮಕ್ಕಳಿಗೆ?

ಮಕ್ತಬ್‌ಗಳಿದ್ದವು. ನಾಲ್ಕು ವರ್ಷ, ನಾಲ್ಕು ತಿಂಗಳು, ನಾಲ್ಕು ದಿನ ತುಂಬಿದ ಮಗುವಿಗೆ ಬಿಸ್ಮಿಲ್ಲಾ ಮಾಡಿಸುವುದು ರೂಢಿ. ಅಕ್ಷರಾಭ್ಯಾಸದ ಹಾಗೆಯೇ ಅದೂ ದೇವರ ಹೆಸರಿನಿಂದ ಆರಂಭ. ಕುರಾನ್ ಓದು, ಆಮೇಲೆ ಪಾರಸಿಯ ಸಾದಿ ಕವಿಯ ನೀತಿಕತೆಗಳು. ಆಡಳಿತದ ಭಾಷೆ ಪಾರಸಿಯಾಗಿದ್ದ ಕಡೆ ಕಚೇರಿ ಕೆಲಸದ ಹಿಂದೂಗಳ ಮಕ್ಕಳೂ ಇದನ್ನು ಓದಿದರು. ಮುಂದೆ ಸರ್ಕಾರ ಹಿಂದೂಸ್ತಾನಿ ಶಾಲೆಗಳನ್ನು ತೆರೆದಾಗ, ಕುರಾನ್ ಕಲಿಕೆ ಶಾಲೆಯಿಂದ ಮಸೀದಿಗೆ, ಬೆಳಗಿನ ಹೊತ್ತಿಗೆ ಸರಿಯಿತು.

ಹೆಣ್ಣುಮಕ್ಕಳು ಈ ಚಿತ್ರದಲ್ಲಿ ಎಲ್ಲಿದ್ದಾರೆ?

ಬಳ್ಳಾರಿಯ 6,641 ಮಕ್ಕಳಲ್ಲಿ ಹೆಣ್ಣುಮಕ್ಕಳು 60. ಅವರ ನೀತಿಪಾಠ ನಡೆದದ್ದು ಬೀಸುವ ಕಲ್ಲಿನ ಮುಂದೆ, ಅಜ್ಜಿಯ ಹಾಡಿನಲ್ಲಿ. ಶಾಲೆ ತೆರೆದವರಲ್ಲಿ ಮಿಷನರಿಗಳ ಹೆಂಡಂದಿರು ಮುಂದು. ಹೊಲಿಗೆ, ಓದು, ಬೈಬಲ್. ಅದಕ್ಕೆ ಪ್ರತಿಯಾಗಿ ಎಂಬಂತೆ 1881ರಲ್ಲಿ ಮೈಸೂರಿನಲ್ಲಿ ಮಹಾರಾಣಿ ಹೆಣ್ಣುಮಕ್ಕಳ ಶಾಲೆ ಆರಂಭವಾಯಿತು. ಮನೆತನದವರು ಅಂಜದೆ ಕಳಿಸಲಿ ಎಂದು ಸಂಗೀತ, ಸಂಪ್ರದಾಯದ ಪಾಠ, ವಯಸ್ಸಾದ ಪಂಡಿತರು. ಹುಡುಗರ ನೀತಿಪಾಠ "ದೊಡ್ಡವನಾಗು" ಎನ್ನುತ್ತಿತ್ತು, ಹುಡುಗಿಯರದು "ಒಳ್ಳೆಯವಳಾಗಿರು" ಎನ್ನುತ್ತಿತ್ತು.

ಅಸ್ಪೃಶ್ಯರೆಂದು ದೂರವಿಟ್ಟ ಮಕ್ಕಳಿಗೆ ಮೇಷ್ಟ್ರು ಯಾವ ನೀತಿ ಹೇಳಿದರು?

ಬಹಳ ಕಡೆ ಯಾವುದನ್ನೂ ಹೇಳಲಿಲ್ಲ, ಒಳಗೇ ಬಿಡಲಿಲ್ಲ. ಬಿಟ್ಟ ಕಡೆಯೂ ಹೊರಜಗಲಿ.

1856ರ ಜೂನ್‌ನಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಎಂದು ಒಬ್ಬ ಮಹಾರ ಹುಡುಗ ಅರ್ಜಿ ಕೊಟ್ಟ. ಒಬ್ಬನಿಗಾಗಿ ಉಳಿದವರೆಲ್ಲ ಶಾಲೆ ಬಿಟ್ಟರೆ ಏನು ಗತಿ ಎಂದು ಮುಂಬಯಿ ಸರ್ಕಾರ ಹಿಂದೆ ಸರಿಯಿತು. ವಿಷಯ ಲಂಡನ್ ತನಕ ಹೋಯಿತು. 1858ರಲ್ಲಿ ಕಂಪನಿ ನಿರ್ದೇಶಕರು ಸರ್ಕಾರಿ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕು ಎಂಬ ತತ್ವವನ್ನು ಎತ್ತಿಹಿಡಿದರು. ತತ್ವ ಕಾಗದದ ಮೇಲೆ ಬಂತು. ಆ ಹುಡುಗ ಬಾಗಿಲಲ್ಲಿ ನಿಂತಿದ್ದಾಗ ಒಳಗೆ "ಎಲ್ಲರಲ್ಲೂ ದಯೆ ಇರಲಿ" ಎಂಬ ಪಾಠ ನಡೆಯುತ್ತಿದ್ದಿರಲೂಬಹುದು.

ಮಂಗಳೂರಿನಲ್ಲಿ ಬ್ರಹ್ಮಸಮಾಜದ ಕುದ್ಮುಲ್ ರಂಗರಾಯರು 1892ರಲ್ಲಿ ದಲಿತ ಮಕ್ಕಳಿಗೆಂದೇ ಶಾಲೆ ತೆರೆದರು, 1897ರಲ್ಲಿ ಅದಕ್ಕೊಂದು ಸಂಸ್ಥೆ ಕಟ್ಟಿದರು. ಸ್ವಜಾತಿಯವರ ಬಹಿಷ್ಕಾರ ಉಂಡರು. ನೀತಿಪಾಠದ ಬಗ್ಗೆ ಯಾರಾದರೂ ನನ್ನನ್ನು ಉದಾಹರಣೆ ಕೇಳಿದರೆ ಪುಸ್ತಕದ ಹೆಸರು ಹೇಳುವ ಮೊದಲು ಅವರ ಹೆಸರು ಹೇಳುತ್ತೇನೆ.

ಮೈಸೂರಿನಲ್ಲಿ ಧರ್ಮಬೋಧೆಯನ್ನು ಸರ್ಕಾರವೇ ಜಾರಿಗೆ ತಂದಿತ್ತಂತೆ?

ಹೌದು. 1908ರಲ್ಲಿ, ವಿ.ಪಿ. ಮಾಧವರಾಯರು ದಿವಾನರಾಗಿದ್ದಾಗ, ಶಾಲೆಗಳಲ್ಲಿ ಧಾರ್ಮಿಕ ಮತ್ತು ನೈತಿಕ ಶಿಕ್ಷಣ ಆರಂಭವಾಯಿತು. ಬ್ರಿಟಿಷ್ ಪ್ರಾಂತಗಳಲ್ಲಿ ಕೈಹಾಕಲು ಹೆದರುತ್ತಿದ್ದ ವಿಷಯವನ್ನು ಸಂಸ್ಥಾನ ಧೈರ್ಯವಾಗಿ ಮುಟ್ಟಿತು. ರಾಜ ನಮ್ಮವನೇ ತಾನೇ. ಆದರೆ ಇಲ್ಲಿಯೂ ಅದು ಗಂಟೆ ಹೊಡೆದಾಗ ಶುರುವಾಗಿ ಗಂಟೆ ಹೊಡೆದಾಗ ಮುಗಿಯುವ ಅವಧಿಯೇ ಆಯಿತು. ಮಠದ ಅಕ್ಕಿ ತಟ್ಟೆ ವೇಳಾಪಟ್ಟಿಗೆ ಹಿಡಿಸಲಿಲ್ಲ.

ಭಾನುವಾರದ ರಜೆಯೂ ಆಗಲೇ ಬಂದದ್ದೇ?

ಹೌದು. ಐಗಳ ಮಠಕ್ಕೆ ರಜೆ ಅಮಾವಾಸ್ಯೆ, ಹುಣ್ಣಿಮೆ, ಹಬ್ಬಹರಿದಿನ. ಚಂದ್ರನನ್ನು ನೋಡಿ ಶಾಲೆಗೆ ಹೋಗುತ್ತಿದ್ದ ಮಕ್ಕಳು ಗೋಡೆಯ ಕ್ಯಾಲೆಂಡರ್ ನೋಡಿ ಹೋಗತೊಡಗಿದರು. ಧರ್ಮನಿರಪೇಕ್ಷ ಎಂದು ಹೇಳಿಕೊಂಡ ಶಾಲೆ ವಾರದ ರಜೆಯನ್ನು ಚರ್ಚಿನಿಂದ ತಂದದ್ದನ್ನು ಯಾರೂ ಪ್ರಶ್ನಿಸಿದ ಹಾಗಿಲ್ಲ. ರಜೆ ಯಾವ ದೇವರದಾದರೇನು, ಮಕ್ಕಳಿಗೆ ರಜೆ.

ನಮ್ಮ ಮುತ್ತಜ್ಜ ಶಾಲಾ ಮಾಸ್ತರರಾಗಿದ್ದರು. ಅವರ ಬಗ್ಗೆ ಎಲ್ಲಿ ಹುಡುಕಲಿ?

ಮೊದಲು ಮನೆಯ ಅಟ್ಟ. ಕಡತ, ಓಲೆಗರಿ, ಹಳೇ ವಾಚನ ಪುಸ್ತಕ, ಟ್ರೈನಿಂಗ್ ಕಾಲೇಜಿನ ಸರ್ಟಿಫಿಕೇಟು ಸಿಕ್ಕರೆ ತೊಳೆಯಲು ಹೋಗಬೇಡಿ, ಬಿಸಿಲಿಗೆ ಒಡ್ಡಬೇಡಿ. ಎರಡನೆಯದು ಅವರು ಕೆಲಸ ಮಾಡಿದ ಊರಿನ ಶಾಲೆ. ನೂರು ದಾಟಿದ ಶಾಲೆಗಳಲ್ಲಿ ಹಳೇ ದಾಖಲಾತಿ ಪುಸ್ತಕ, ತಪಾಸಣೆಗೆ ಬಂದವರ ಷರಾ ಇರುವ ಪುಸ್ತಕ ಬೀರುವಿನ ತಳದಲ್ಲಿ ಬಿದ್ದಿರುವುದುಂಟು. ಮುಖ್ಯೋಪಾಧ್ಯಾಯರನ್ನು ನಯವಾಗಿ ಕೇಳಿ.

ಸರ್ಕಾರಿ ಕಾಗದಗಳಿಗೆ, ಮೈಸೂರು ಸೀಮೆಯವರಾದರೆ ಬೆಂಗಳೂರಿನ ರಾಜ್ಯ ಪತ್ರಾಗಾರ. ಧಾರವಾಡ ಬೆಳಗಾವಿ ಕಡೆಯ ಹಳೆಯ ಕಡತಗಳು ಮುಂಬಯಿಯಲ್ಲಿ, ಬಳ್ಳಾರಿ ಮಂಗಳೂರಿನವು ಚೆನ್ನೈಯಲ್ಲಿ ಇರುವ ಸಾಧ್ಯತೆ ಹೆಚ್ಚು. ಮಿಷನ್ ಶಾಲೆಯಲ್ಲಿದ್ದರೆ ಮಂಗಳೂರು ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಸಂಗ್ರಹ ನೋಡಿ. ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿ ಮಿಷನ್ನಿನ ಹಳೆಯ ಫೋಟೋಗಳಿವೆ. ಶಾಲೆಯ ಮುಂದೆ ಸಾಲಾಗಿ ನಿಂತ ಮಕ್ಕಳು, ಪಕ್ಕದಲ್ಲಿ ರುಮಾಲು ಸುತ್ತಿದ ಮೇಷ್ಟ್ರು. ಹುಡುಕುವಾಗ ಅಡ್ಡಹೆಸರು, ಊರು, ಅಂದಾಜು ವರ್ಷ ಮೂರೂ ಕೈಯಲ್ಲಿರಲಿ. ಇಂಗ್ಲಿಷ್ ದಾಖಲೆಗಳಲ್ಲಿ ಹೆಸರನ್ನು ಕಿವಿಗೆ ಕೇಳಿದಂತೆ ಬರೆದಿರುತ್ತಾರೆ. ಬಳ್ಳಾರಿಯ ವರದಿಯಲ್ಲಿ ನಮ್ಮ ಪುರಾಣಗಳ ಹೆಸರನ್ನೇ ಗುರುತು ಸಿಗದಂತೆ ಬರೆದಿದ್ದಾರೆ, ಇನ್ನು ನಿಮ್ಮ ಮುತ್ತಜ್ಜನ ಹೆಸರನ್ನು ಬಿಟ್ಟಾರೆಯೇ.